ಹುಬ್ಬಳ್ಳಿಯ ಧೂಳನ್ನು ಮನೆಯ ಸಣ್ಣ ಸೆನ್ಸರ್ ಅಳೆಯಬಲ್ಲದೇ?

ಆ್ಯಪ್‌ನಲ್ಲಿ ಹುಬ್ಬಳ್ಳಿ ಗಾಳಿ 'ತೃಪ್ತಿಕರ' ಅಂತ ಬರುತ್ತದೆ, ಆದರೆ ಬೆಳಿಗ್ಗೆ ಒರೆಸಿದ ಕಟ್ಟೆ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು, ಸಣ್ಣ ಸೆನ್ಸರ್ ತಂದು ಬಾಗಿಲಿಗೆ ಹಾಕಿದರೆ ನಿಜ ತಿಳಿಯುತ್ತದೆಯೇ ಅಂತ ಕೇಳಿದ್ದೀರಿ. ನಾನೂ ಇದೇ ಊರಿನವ. ಹೊಗೆಯ ವಿಷಯದಲ್ಲಿ ಒಂದಿಷ್ಟು ತಿಳಿಯುತ್ತದೆ, ಧೂಳಿನ ವಿಷಯದಲ್ಲಿ ತಿಳಿಯುವುದಿಲ್ಲ.

ಈ ಅಗ್ಗದ ಸೆನ್ಸರ್ ಒಳಗೆ ಒಂದು ಪುಟ್ಟ ಫ್ಯಾನ್, ಒಂದು ಲೇಸರ್ ಇರುತ್ತವೆ. ಕಣಕ್ಕೆ ಬಡಿದು ಚದುರಿದ ಬೆಳಕನ್ನು ನೋಡಿ ಅದು ಲೆಕ್ಕ ಹಾಕುತ್ತದೆ. ಕಸ ಸುಟ್ಟ ಹೊಗೆಯಂಥ ಸೂಕ್ಷ್ಮ ಕಣಗಳು, ಅಂದರೆ ಪಿಎಂ 2.5, ಅದಕ್ಕೆ ಸಿಗುತ್ತವೆ. ರಸ್ತೆಯಿಂದ ಏಳುವ ಮಣ್ಣಿನ ದಪ್ಪ ಕಣವನ್ನು ಆ ಫ್ಯಾನ್ ಸರಿಯಾಗಿ ಒಳಗೆ ಎಳೆಯಲಾರದು. ಪರದೆ ಮೇಲೆ ಪಿಎಂ 10 (ದಪ್ಪ ಧೂಳಿನ ಕಣಗಳನ್ನೂ ಸೇರಿಸಿದ ಅಳತೆ) ಅಂತ ಬರುವ ಅಂಕಿ ಬಹುಪಾಲು ಸಣ್ಣ ಕಣಗಳಿಂದ ಮಾಡಿದ ಅಂದಾಜು. ನಮ್ಮೂರಿನ ಮುಖ್ಯ ಕಾಟವೇ ಆ ದಪ್ಪ ಧೂಳು ನೋಡ್ರಿ! ಮಳೆಗಾಲದಲ್ಲಿ ಇನ್ನೊಂದು ತೊಡಕು: ತೇವಕ್ಕೆ ಕಣಗಳು ಉಬ್ಬಿ, ಶುದ್ಧ ಗಾಳಿಗೂ ಅದು ಹೆಚ್ಚಿನ ಅಂಕಿ ತೋರಿಸುತ್ತದೆ.

ಹಾಗಂತ ಆ್ಯಪ್ ಸುಳ್ಳು ಹೇಳುತ್ತಿಲ್ಲ. ದೇಶಪಾಂಡೆ ನಗರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ತಾನಿದ್ದ ಜಾಗದ ಗಾಳಿ ಅಳೆಯುತ್ತದೆ, ನಿಮ್ಮ ಓಣಿಯದನ್ನಲ್ಲ. ಆ್ಯಪ್ ತೋರಿಸುವ ಗಾಳಿ ಗುಣಮಟ್ಟದ ಸೂಚ್ಯಂಕವೂ 24 ಗಂಟೆಯ ಸರಾಸರಿ. ಸಂಜೆ ಲಾರಿ, ಬಸ್ಸು ಎಬ್ಬಿಸಿದ ಧೂಳಿನ ಅಂಕಿ ಆ ಸರಾಸರಿಯಲ್ಲಿ ರಾತ್ರಿಯ ತಿಳಿಗಾಳಿಯ ಅಂಕಿಯ ಜೊತೆ ಸೇರಿ ತೆಳುವಾಗುತ್ತದೆ. ಇನ್ನು 'ತೃಪ್ತಿಕರ' ಅನ್ನುವ ಪಟ್ಟಿ ಎಷ್ಟು ಉದಾರ ಅಂದರೆ, ಘನ ಮೀಟರಿಗೆ 100 ಮೈಕ್ರೋಗ್ರಾಂವರೆಗಿನ ಪಿಎಂ 10 ಅದರಲ್ಲೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿ 45 ಮೀರಬಾರದು ಅಂದಿದೆ. ಹೀಗಾಗಿ ಆ್ಯಪ್ ತೋರಿಸುವ ಬಣ್ಣ ನೋಡಬೇಡಿ, ಪಿಎಂ 10ರ ಗಂಟೆಗಂಟೆಯ ಅಂಕಿ ತೆಗೆದು ನೋಡಿ.

ನನ್ನನ್ನು ಕೇಳಿದರೆ ಇಲ್ಲಿ ಮೊದಲು ಬೇಕಾದದ್ದು ಇನ್ನೊಂದು ಪರದೆಯಲ್ಲ. ಡಾಂಬರಿನ ಅಂಚಿನಿಂದ ಗಟಾರದವರೆಗೆ ಬರಿ ಮಣ್ಣು ಬಿಟ್ಟಿರುತ್ತಾರೆ. ಮಳೆಯಲ್ಲಿ ಗಾಲಿಗೆ ಅಂಟಿದ ಎರೆಮಣ್ಣು ರಸ್ತೆಗೆ ಬಂದು, ಒಣಗಿ, ಪುಡಿಯಾಗಿ ಮೇಲೇಳುತ್ತದೆ. ಪೈಪಿಗೆ, ಕೇಬಲ್ಲಿಗೆ ಅಗೆದ ಗುಂಡಿಯ ಮಣ್ಣು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಆ ಅಂಚಿಗೆ ಪೇವರ್ಸ್ ಹಾಕಿ, ರಾತ್ರಿ ಯಂತ್ರದಿಂದ ಗುಡಿಸಿ, ಮರಳಿನ ಲಾರಿಗೆ ತಾಡಪತ್ರಿ ಹೊದಿಸಿದರೆ ಧೂಳು ಹುಟ್ಟುವ ಜಾಗದಲ್ಲೇ ಕಡಿಮೆಯಾಗುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡವೂ ಇದೆ, ಅದರ ಪ್ರಗತಿ ಅಳೆಯುವುದು ಪಿಎಂ 10ರಿಂದಲೇ. ಆ ಕಾರ್ಯಕ್ರಮದ ಹಣದಲ್ಲಿ ನಿಮ್ಮ ವಾರ್ಡಿನ ಯಾವ ರಸ್ತೆಯ ಅಂಚು ಮುಚ್ಚಿದ್ದಾರೆ ಅಂತ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಮನೆಯಲ್ಲಿ ಉಬ್ಬಸದವರಿದ್ದರೆ ಸೆನ್ಸರ್ ಖಂಡಿತ ತನ್ನಿ. ಅಕ್ಕಪಕ್ಕ ಕಸ ಸುಡುವ ಹೊತ್ತು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಆಗ ಕಿಟಕಿ ಹಾಕಿಕೊಳ್ಳಬಹುದು. ಧೂಳಿನ ರಸ್ತೆಯಲ್ಲಿ ಗಾಡಿ ಮೇಲೆ ಹೋಗುವಾಗ ಎನ್95 ಮಾಸ್ಕ್ ಇರಲಿ, ಕರ್ಚೀಫು ಸಾಲದು.