ಅಗ್ಗದ ಹಳೆಯ ಸೇನಾ ಪಿಸ್ತೂಲುಗಳಲ್ಲಿ ಯಾವುದನ್ನು ಆರಿಸಲಿ?

ಪ್ರಶ್ನೆ: ನಾನು ಟೆಕ್ಸಾಸ್‌ನ ಪ್ಲೇನೊ ನಗರದಲ್ಲಿದ್ದೇನೆ. ನನ್ನ ಬಳಿ ಗ್ರೀನ್ ಕಾರ್ಡ್ ಇದೆ. ಕೊಡಗಿನವನಾದ್ದರಿಂದ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದೆ, ಆದರೆ ಪಿಸ್ತೂಲು ಹಿಡಿದದ್ದು ಇಲ್ಲಿಗೆ ಬಂದ ಮೇಲೆಯೇ. ತಿಂಗಳಿಗೆ ಒಂದೆರಡು ಬಾರಿ ಸಹೋದ್ಯೋಗಿಗಳೊಂದಿಗೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲಿನಲ್ಲಿ ಗುರಿ ಹೊಡೆಯುತ್ತೇನೆ. ಈಗ ಸ್ವಂತದ್ದೊಂದನ್ನು ಕೊಳ್ಳಬೇಕೆಂದಿದ್ದೇನೆ, ಆದರೆ 400 ಡಾಲರ್ ಮೀರಬಾರದು. ಅಂಗಡಿಯಲ್ಲಿ ಚೆಕೊಸ್ಲೊವಾಕಿಯಾದ ಸಿಜೆಡ್-82, ಪೋಲೆಂಡಿನ ಪಿ-64 ಮತ್ತು ಯುಗೊಸ್ಲಾವಿಯಾದ ಎಂ57 ಎಂಬ ಮೂರು ಹಳೆಯ ಸೇನಾ ಪಿಸ್ತೂಲುಗಳನ್ನು ನೋಡಿದೆ. ಇವುಗಳಲ್ಲಿ ಯಾವುದು ಒಳ್ಳೆಯದು? ಮುಂದೆ ಊರಿಗೆ ಮರಳುವಾಗ ಅದನ್ನು ತರಲು ಸಾಧ್ಯವೇ?

ಉತ್ತರ: ಮೂರರಲ್ಲಿ ಒಂದನ್ನೇ ಹೇಳಬೇಕೆಂದರೆ ಸಿಜೆಡ್-82. ಆದರೆ ಹಳೆಯ ಪಿಸ್ತೂಲಿನ ವಿಷಯದಲ್ಲಿ ಮಾದರಿಯ ಹೆಸರಿಗಿಂತ ನಿಮ್ಮ ಕೈಯಲ್ಲಿರುವ ಆ ಒಂದು ಪಿಸ್ತೂಲಿನ ಸ್ಥಿತಿ ಮುಖ್ಯ, ಅದಕ್ಕಿಂತಲೂ ಮುಖ್ಯವಾದದ್ದು ಅದಕ್ಕೆ ತುಂಬುವ ತೋಟಾದ ಬೆಲೆ. ಆದ್ದರಿಂದ ಮೊದಲು ತೋಟಾದ ಲೆಕ್ಕವನ್ನೇ ನೋಡೋಣ.

ಸಿಜೆಡ್-82 ಮತ್ತು ಪಿ-64 ಎರಡೂ ಸೋವಿಯತ್ ಬಣದ 9×18 ಮಕರೊವ್ ತೋಟಾ ಬಳಸುತ್ತವೆ (ಮೊದಲ ಅಂಕಿ ಗುಂಡಿನ ಅಂದಾಜು ವ್ಯಾಸ, ಎರಡನೆಯದು ತೋಟಾದ ಕವಚದ ಉದ್ದ, ಎರಡೂ ಮಿ.ಮೀ.ಗಳಲ್ಲಿ). ನೀವು ರೇಂಜ್‌ನಲ್ಲಿ ಬಳಸುತ್ತಿರುವುದು ಬಹುಶಃ 9×19 ತೋಟಾ. ಎರಡನ್ನೂ ಬಾಯಿಮಾತಿನಲ್ಲಿ ‘9 ಎಂಎಂ’ ಎಂದೇ ಕರೆದರೂ ಒಂದರ ಬದಲು ಇನ್ನೊಂದನ್ನು ಎಂದಿಗೂ ಬಳಸುವಂತಿಲ್ಲ. ಮಕರೊವ್ ಗುಂಡಿನ ವ್ಯಾಸವೇ ಸುಮಾರು 9.27 ಮಿ.ಮೀ. ಇದ್ದು, ಮತ್ತೊಂದರದು 9 ಮಿ.ಮೀ.ಗೆ ತೀರಾ ಹತ್ತಿರವಿದೆ. ಪೋಲೆಂಡ್, ಚೆಕ್ ಗಣರಾಜ್ಯ ಮತ್ತು ಹಂಗೇರಿ 1999ರಲ್ಲಿ ನೇಟೊ ಸೇರಿ 9×19ರ ಕಡೆಗೆ ವಾಲಿದ್ದರಿಂದಲೇ ಈ ಪಿಸ್ತೂಲುಗಳು ಅವರ ಉಗ್ರಾಣಗಳಿಂದ ಹೊರಬಿದ್ದು ಅಮೆರಿಕದ ಅಂಗಡಿಗಳಲ್ಲಿ ಅಗ್ಗವಾಗಿ ಸಿಗತೊಡಗಿದವು. ಆ ಕಾಲದಲ್ಲಿ ರಷ್ಯಾದ ಉಕ್ಕಿನ ಕವಚದ ತೋಟಾ ಕೂಡ ಅಗ್ಗವಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಮದ್ದುಗುಂಡುಗಳ ಆಮದಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿದ ಮೇಲೆ ಆ ಅನುಕೂಲ ಹೋಯಿತು. ಇಂದು 9×18 ತೋಟಾ ಸಿಗುತ್ತದೆ, ಆದರೆ 9×19ಕ್ಕಿಂತ ದುಬಾರಿ. ವ್ಯತ್ಯಾಸ ತೋಟಾವೊಂದಕ್ಕೆ ಹತ್ತೇ ಸೆಂಟ್ ಎಂದಿಟ್ಟುಕೊಂಡರೂ, ತಿಂಗಳಿಗೆ 200 ತೋಟಾ ಹೊಡೆಯುವವರಿಗೆ ವರ್ಷಕ್ಕೆ 240 ಡಾಲರ್ ಹೆಚ್ಚುವರಿ ಖರ್ಚು ಬೀಳುತ್ತದೆ. ಪಿಸ್ತೂಲಿನಲ್ಲಿ ಉಳಿಸಿದ ಹಣ ಎರಡು ವರ್ಷದೊಳಗೆ ಹೀಗೆ ಸೋರಿಹೋಗುತ್ತದೆ.

ಈ ಖರ್ಚಿಗೆ ಒಪ್ಪಿದಿರಾದರೆ ಸಿಜೆಡ್-82 ನಿಜಕ್ಕೂ ಒಳ್ಳೆಯ ವಸ್ತು. 1980ರ ದಶಕದಲ್ಲಿ ಉಹೆರ್ಸ್ಕಿ ಬ್ರೊಡ್ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕ್ ಸೇನೆಗಾಗಿ ತಯಾರಾದ ಇದರ ತೂಕ ಸುಮಾರು 800 ಗ್ರಾಂ. ಮ್ಯಾಗಝೀನ್‌ನಲ್ಲಿ 12 ತೋಟಾ ಹಿಡಿಸುತ್ತದೆ. ಸೇಫ್ಟಿ ಮತ್ತು ಮ್ಯಾಗಝೀನ್ ಬಿಡಿಸುವ ಗುಂಡಿ ಎರಡೂ ಬದಿಗಳಲ್ಲಿ ಇರುವುದರಿಂದ ಎಡಗೈಯವರಿಗೂ ಅನುಕೂಲ. ಈ ವರ್ಗದ ಪಿಸ್ತೂಲುಗಳಲ್ಲಿ ನಳಿಗೆ ಅಲುಗಾಡುವುದಿಲ್ಲ. ಗುಂಡು ಹಾರಿದಾಗ ಹಿಂದಕ್ಕೆ ನುಗ್ಗುವ ಸ್ಲೈಡನ್ನು, ಅಂದರೆ ನಳಿಗೆಯ ಮೇಲೆ ಜಾರುವ ಮೇಲ್ಭಾಗವನ್ನು, ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹಾಗಾಗಿ ಪಿಸ್ತೂಲು ಹಗುರವಾದಷ್ಟೂ ಒದೆತ ಹೆಚ್ಚು. ಉಕ್ಕಿನ ಮೈಯ, ತುಂಬಿದ ಹಿಡಿಯ ಸಿಜೆಡ್-82ರಲ್ಲಿ ಆ ಒದೆತ ಅಂಗೈಯಲ್ಲಿ ಹರಡಿಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಎತ್ತಿದ ಹ್ಯಾಮರನ್ನು, ಅಂದರೆ ಟ್ರಿಗರ್ ಎಳೆದಾಗ ಬಡಿದು ತೋಟಾ ಸಿಡಿಸುವ ಹಿಂಬದಿಯ ಸುತ್ತಿಗೆಯನ್ನು, ಗುಂಡು ಹಾರದಂತೆ ತಾನಾಗಿ ಇಳಿಸುವ ವ್ಯವಸ್ಥೆ ಇದರಲ್ಲಿಲ್ಲ. ತೋಟಾ ತುಂಬಿರುವಾಗ ಹೆಬ್ಬೆರಳಿನಿಂದ ಹ್ಯಾಮರ್ ಇಳಿಸುವ ಸಾಹಸಕ್ಕೆ ಹೋಗದೆ, ಮ್ಯಾಗಝೀನ್ ತೆಗೆದು, ನಳಿಗೆಯೊಳಗಿನ ತೋಟಾವನ್ನೂ ಹೊರಹಾಕಿ, ಖಾಲಿಯಾಗಿದೆಯೆಂದು ಕಣ್ಣಾರೆ ನೋಡಿ ಆಮೇಲೆ ಇಳಿಸಿ.

ಪಿ-64 ನೋಡಲು ಚೆಂದ, ಜೇಬಿಗೆ ಹಿಡಿಸುವಷ್ಟು ಚಿಕ್ಕದು, ಕೆಲಸಗಾರಿಕೆಯೂ ಅಚ್ಚುಕಟ್ಟು. ಆದರೂ ಕಲಿಯುತ್ತಿರುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸುಮಾರು 620 ಗ್ರಾಂ ತೂಕದ ಮೈಯಿಂದ ಅದೇ ತೋಟಾ ಹಾರಿಸುವುದರಿಂದ ಒದೆತ ಚುರುಕಾಗಿದ್ದು, ಹಿಡಿ ಸ್ವಲ್ಪ ಮೇಲೆ ಸರಿದರೂ ಹಿಂದಕ್ಕೆ ಬರುವ ಸ್ಲೈಡು ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ. ಹ್ಯಾಮರ್ ಎತ್ತದೆ ಮೊದಲ ಗುಂಡು ಹಾರಿಸಬೇಕಾದರೆ ಟ್ರಿಗರಿನ ಮೇಲೆ ಸುಮಾರು 10 ಕೆ.ಜಿ.ಯಷ್ಟು ಭಾರ ಹಾಕಬೇಕು. ಅಷ್ಟು ಬಲ ಹಾಕುವಷ್ಟರಲ್ಲಿ ಗುರಿ ಎಲ್ಲಿಗೋ ಸರಿದಿರುತ್ತದೆ. ಸಡಿಲವಾದ ಹ್ಯಾಮರ್ ಸ್ಪ್ರಿಂಗ್ ಹಾಕಿಸಿ ಇದನ್ನು ಸರಿಪಡಿಸುವವರಿದ್ದಾರೆ, ಆದರೆ ಸ್ಪ್ರಿಂಗ್ ಅತಿಯಾಗಿ ಸಡಿಲವಾದರೆ ಗಟ್ಟಿ ಪ್ರೈಮರಿನ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗ) ತೋಟಾ ಸಿಡಿಯದೆ ಉಳಿಯುತ್ತದೆ. ಆರೇ ತೋಟಾ ಹಿಡಿಯುವ ಈ ಪಿಸ್ತೂಲು ಸಂಗ್ರಾಹಕರಿಗಿರಲಿ.

ಎಂ57 ಬೇರೆಯೇ ವಂಶದ್ದು. ಸೋವಿಯತ್ ಟೊಕರೆವ್ ಪಿಸ್ತೂಲನ್ನು ಆಧರಿಸಿ ಝಾಸ್ತಾವಾ ಕಾರ್ಖಾನೆ ತಯಾರಿಸಿದ ಇದು 7.62×25 ತೋಟಾ ಬಳಸುತ್ತದೆ, ಒಂಬತ್ತು ತೋಟಾ ಹಿಡಿಯುತ್ತದೆ. ಗುಂಡಿನ ವೇಗ ಸೆಕೆಂಡಿಗೆ 450 ಮೀಟರಿನ ಆಸುಪಾಸು, ಸದ್ದೂ ಅದಕ್ಕೆ ತಕ್ಕಂತೆ ಕಿವಿಗಡಚಿಕ್ಕುವಂಥದ್ದು. ಟೊಕರೆವ್ ವಿನ್ಯಾಸದಲ್ಲಿ ಪ್ರತ್ಯೇಕ ಸೇಫ್ಟಿ ಇರಲಿಲ್ಲ. ಅಮೆರಿಕದ ಆಮದು ನಿಯಮಕ್ಕಾಗಿ ಆಮದುದಾರರು ಆಮೇಲೆ ಜೋಡಿಸಿದ್ದನ್ನೇ ನೀವು ಅಂಗಡಿಯಲ್ಲಿ ನೋಡಿರುತ್ತೀರಿ. ಅಂಥ ಜೋಡಣೆಯ ಗುಣಮಟ್ಟ ಒಂದರಿಂದ ಒಂದಕ್ಕೆ ಬದಲಾಗುವುದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ. ಇದಕ್ಕೆ ಸಿಗುವ ಹಳೆಯ ಸೇನಾ ತೋಟಾಗಳಲ್ಲಿ ಬಹುಪಾಲಿನ ಪ್ರೈಮರು ಸಿಡಿದಾಗ ನಳಿಗೆಯಲ್ಲಿ ಉಪ್ಪಿನಂಶ ಬಿಡುತ್ತದೆ. ಅದು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆ ಈ ಉಪ್ಪನ್ನು ಕರಗಿಸಲಾರದು. ಅದೇ ದಿನ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಎಣ್ಣೆ ಹಚ್ಚಬೇಕು. ಒಳಾಂಗಣ ರೇಂಜ್‌ಗಳಲ್ಲಿ ಅನೇಕರು ಅಯಸ್ಕಾಂತ ಹಿಡಿದು ತೋಟಾ ಪರೀಕ್ಷಿಸಿ, ಉಕ್ಕಿನಂಶವಿದ್ದರೆ ಬಿಡುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಮೊದಲು ಪಿಸ್ತೂಲು ಖಾಲಿಯಿದೆಯೆಂದು ನೋಡಿಕೊಂಡು, ಮಾಲೀಕರ ಅನುಮತಿ ಪಡೆದು ಬಿಚ್ಚಿಸಿ. ಸಿಜೆಡ್-82ರಲ್ಲಿ ಟ್ರಿಗರಿನ ಸುತ್ತಲಿನ ಬಳೆಯನ್ನು ಕೆಳಕ್ಕೆಳೆದು, ಸ್ಲೈಡನ್ನು ಪೂರ್ತಿ ಹಿಂದಕ್ಕೆ ಸರಿಸಿ ಮೇಲಕ್ಕೆತ್ತಿದರೆ ಬಿಡಿಸಿಕೊಳ್ಳುತ್ತದೆ. ನಳಿಗೆಗೆ ಬೆಳಕು ಹಿಡಿದು ನೋಡಿದಾಗ ಗುಂಡನ್ನು ತಿರುಗಿಸಲು ಕೊರೆದ ಚೂಪು ಗೀರುಗಳು ಕಾಣದೆ ಒಳಮೈ ನುಣುಪಾಗಿ ಅಲೆಯಲೆಯಾಗಿ ಕಂಡರೆ, ಗೀರು ಸವೆದುಹೋಗಿದೆಯೆಂದು ಗಾಬರಿಯಾಗಬೇಡಿ. ಈ ಪಿಸ್ತೂಲಿನ ನಳಿಗೆ ಬಹುಭುಜಾಕೃತಿಯದು, ಅದು ಇರುವುದೇ ಹಾಗೆ. ನೋಡಬೇಕಾದದ್ದು ಗುಳಿಗಳನ್ನು. ಹೊರಗಿನ ಬಣ್ಣ ಕಿತ್ತುಹೋಗಿದ್ದರೂ ಚಿಂತೆಯಿಲ್ಲ, ಅದನ್ನೇ ತೋರಿಸಿ ಬೆಲೆ ಇಳಿಸಿಕೊಳ್ಳಬಹುದು. ಮತ್ತೆ ಜೋಡಿಸಿದ ಮೇಲೆ ಹ್ಯಾಮರ್ ಎತ್ತಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ ನೋಡಿ; ಅದು ಬಿದ್ದರೆ ಆ ಪಿಸ್ತೂಲನ್ನು ಅಲ್ಲೇ ಬಿಟ್ಟು ಬನ್ನಿ. ಹ್ಯಾಮರ್ ಎತ್ತಿರುವಾಗಲೇ ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬಿಟ್ಟು, ನಂತರ ಸೇಫ್ಟಿ ತೆಗೆದಾಗಲೂ ಹ್ಯಾಮರ್ ಬೀಳಬಾರದು. ಸೇನೆಯಲ್ಲಿ ವರ್ಷಗಟ್ಟಲೆ ಇದ್ದ ಪಿಸ್ತೂಲಿನ ಸ್ಪ್ರಿಂಗ್ ಹೇಗೂ ದಣಿದಿರುತ್ತದೆ. ಕೊಂಡ ಕೂಡಲೇ ಹೊಸದನ್ನು ಹಾಕಿಸುವುದು ದೊಡ್ಡ ಖರ್ಚೇನಲ್ಲ.

ನೀವು ಕೇಳದ ಇನ್ನೊಂದು ದಾರಿಯನ್ನೂ ಹೇಳಬೇಕು. ಅಮೆರಿಕದ ಪೊಲೀಸ್ ಇಲಾಖೆಗಳು ಬದಲಾಯಿಸಿ ಮಾರಿದ ಪಿಸ್ತೂಲುಗಳು ನಿಮ್ಮ ಮಿತಿಯೊಳಗೇ ಸಿಗುತ್ತವೆ. ಪೊಲೀಸರು ವರ್ಷಾನುಗಟ್ಟಲೆ ಸೊಂಟದಲ್ಲಿ ಧರಿಸುತ್ತಾರೆ, ಹಾರಿಸುವುದು ಅಪರೂಪ. ಆದ್ದರಿಂದ ಹೊರಗೆ ಹೋಲ್‌ಸ್ಟರ್ ಉಜ್ಜಿದ ಗುರುತುಗಳಿದ್ದರೂ ನಳಿಗೆ ಚೆನ್ನಾಗಿರುವ ಸಂಭವ ಹೆಚ್ಚು. ಎಫ್‌ಬಿಐ ಕಳೆದ ದಶಕದಲ್ಲಿ .40 ಇಂಚಿನ ತೋಟಾ ಬಿಟ್ಟು 9×19ಕ್ಕೆ ಮರಳಿದಾಗ ಇತರ ಇಲಾಖೆಗಳೂ ಅದೇ ದಾರಿ ಹಿಡಿದು, .40ರ ಪಿಸ್ತೂಲುಗಳು ಅಗ್ಗವಾಗಿ ಬಂದವು. ಅವುಗಳ ಒದೆತವೂ ತೋಟಾದ ಬೆಲೆಯೂ ಹೆಚ್ಚಾದ್ದರಿಂದ ಸ್ವಲ್ಪ ಕಾದು 9×19ರದನ್ನೇ ಹುಡುಕಿ. ಗುರಿ ಹೊಡೆಯುವ ಅಭ್ಯಾಸವೇ ಉದ್ದೇಶವಾದರೆ ಇದು ಸಿಜೆಡ್-82ಕ್ಕಿಂತಲೂ ಬುದ್ಧಿವಂತಿಕೆಯ ಖರೀದಿ. ಶೀತಲ ಸಮರದ ಕಾಲದ ವಸ್ತುವೊಂದು ಕೈಯಲ್ಲಿರಬೇಕೆಂಬ ಆಸೆಯೂ ಇದ್ದರೆ ಮಾತ್ರ ಸಿಜೆಡ್-82ರತ್ತ ತಿರುಗಿ.

ಗ್ರೀನ್ ಕಾರ್ಡ್ ಇರುವ, 21 ವರ್ಷ ತುಂಬಿದ ನಿಮಗೆ ಪರವಾನಗಿ ಪಡೆದ ವ್ಯಾಪಾರಿಯಿಂದ 4473 ಎಂಬ ನಮೂನೆ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಳ್ಳಲು ಅಡ್ಡಿಯಿಲ್ಲ. ಆದರೆ ನಿಮ್ಮ ಸಹೋದ್ಯೋಗಿಗಳಲ್ಲಿ ಎಚ್-1ಬಿ ವೀಸಾದವರಿದ್ದರೆ ಅವರ ಸಂಗತಿ ಬೇರೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಒಕ್ಕೂಟದ ಕಾನೂನಿನಲ್ಲಿ ಅಪರಾಧ. ರೇಂಜ್‌ನಲ್ಲಿ ಗೆಳೆತನಕ್ಕೆಂದು ಅವರ ಕೈಗೆ ಕೊಡುವುದೂ ಇಬ್ಬರನ್ನೂ ತೊಂದರೆಗೆ ಸಿಲುಕಿಸಬಹುದು. ಮನೆಯಲ್ಲಿ ಮಕ್ಕಳಿದ್ದರೆ ಬೀಗವಿರುವ ಪೆಟ್ಟಿಗೆಯ ವೆಚ್ಚವನ್ನೂ 400 ಡಾಲರಿನೊಳಗೇ ಸೇರಿಸಿಕೊಳ್ಳಿ. ತುಂಬಿದ ಪಿಸ್ತೂಲು 17 ವರ್ಷದೊಳಗಿನವರ ಕೈಗೆ ಸಿಗುವಂತೆ ಇಡುವುದು ಟೆಕ್ಸಾಸ್‌ನಲ್ಲೂ ಶಿಕ್ಷಾರ್ಹ.

ಊರಿಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. ಊರಿನಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿಯನ್ನು ನಂಬಿಕೊಂಡು ವಿದೇಶದಿಂದ ಪಿಸ್ತೂಲು ತರಲು ಹೊರಡಬೇಡಿ. ಭಾರತದ ಪರವಾನಗಿ ಮತ್ತು ಪೂರ್ವಾನುಮತಿ ಇಲ್ಲದೆ ಪಿಸ್ತೂಲು ತಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಬೀಳುತ್ತದೆ. ಮರಳುವ ಮುನ್ನ ಅಲ್ಲಿಯ ವ್ಯಾಪಾರಿಗೇ ಮಾರಿಬಿಡಿ. ರೇಂಜ್‌ಗೆ ಒಯ್ಯುವ ಚೀಲವನ್ನು ವಿಮಾನ ಪ್ರಯಾಣಕ್ಕೆ ಬಳಸಲೇಬೇಡಿ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ನೀವು ಮನೆಗೆ ಹೋಗುವ ಬದಲು ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ.