ಮಗು ಮಂಚದ ಕೆಳಗೆ ಕೂತಾಗ: ಸಿರುಗುಪ್ಪದ ಓದುಗರಿಗೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಕೋವಿಡ್ ಕಾಲದ ಮಕ್ಕಳ ಮನಸ್ಸಿನ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ, ಸಿರುಗುಪ್ಪ ತಾಲ್ಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡವೆಂದು ಕೋರಿರುವುದರಿಂದ ಪತ್ರದ ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ.

ಅವರ ಮಗನಿಗೆ ಎಂಟು ವರ್ಷ. 2021ರ ಮೇ ತಿಂಗಳಲ್ಲಿ ಅವರ ಮಾವನವರು ಕೋವಿಡ್‌ನಿಂದ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ದೇಹವನ್ನು ಊರಿಗೆ ತರಲಾಗಲಿಲ್ಲ. ತಾತನ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗನಿಗೆ "ತಾತ ಆದೋನಿಗೆ ಹೋಗ್ಯಾರ" ಎಂದು ಹೇಳಿ, ಗೋಡೆಯ ಮೇಲಿನ ಫೋಟೋ ತೆಗೆದು ಟ್ರಂಕಿನಲ್ಲಿಟ್ಟರು. ಅಲ್ಲಿಂದೀಚೆಗೆ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಅಂಗೈ ಚರ್ಮ ಸುಲಿಯುವಷ್ಟು ಕೈ ತೊಳೆಯುತ್ತಾನೆ. ತಂದೆ ರೈಸ್ ಮಿಲ್ಲಿನಿಂದ ಬಂದೊಡನೆ ಹಣೆ ಮುಟ್ಟಿ ಜ್ವರ ನೋಡುತ್ತಾನೆ. ದಿನಾ ಸಂಜೆ ತಾತನ ಚಪ್ಪಲಿಗಳನ್ನು ಒರೆಸಿ ಹೊಸ್ತಿಲ ಬಳಿ ಜೋಡಿಸಿಡುತ್ತಾನೆ. ತಾಯತ ಕಟ್ಟಿಸಿದ್ದಾಯಿತು. ಪರಿಚಯದವರ ಮೂಲಕ ಬೆಂಗಳೂರಿನ ಆಪ್ತ ಸಮಾಲೋಚಕರೊಬ್ಬರಿಗೆ ಹಣ ಕೊಟ್ಟು ವಿಡಿಯೋ ಕರೆ ಮಾಡಿಸಿದರೆ ಹುಡುಗ ಮಂಚದ ಕೆಳಗೆ ಹೋಗಿ ಕೂತ, ನೆಟ್‌ವರ್ಕ್ ಮತ್ತೆ ಮತ್ತೆ ಕಡಿಯಿತು. "ಫೋನಿನ ಚಿಕಿತ್ಸೆ ಬೆಂಗಳೂರಿನವರಿಗೆ ಸರಿ. ನಮ್ಮಂಥವರಿಗೆ ಅದರಿಂದ ಏನು ಉಪಯೋಗ? ಇದು ಕಾಯಿಲೆಯೋ, ದಿನ ಕಳೆದಂತೆ ಹೋಗುವಂಥದ್ದೋ? ನಿಜ ಹೇಳಿದರೆ ಹುಡುಗ ಇನ್ನಷ್ಟು ಹೆದರುವುದಿಲ್ಲವೇ?" ಎಂದು ಅವರು ಕೇಳಿದ್ದಾರೆ.

ಸೋದರಿ,

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಯಾವ ಚಿಕಿತ್ಸಕರೂ, ಯಾವ ನೆಟ್‌ವರ್ಕೂ ಬೇಕಿಲ್ಲ. ಉಳಿದ ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಮಗುವಿಗೆ ನಿಜ ಹೇಳಬೇಕು, ಈ ವಾರವೇ ಹೇಳಬೇಕು.

ಸತ್ತವರು ಮರಳಿ ಬರುವುದಿಲ್ಲ, ಸತ್ತ ದೇಹಕ್ಕೆ ಹಸಿವು, ನೋವು ಇಲ್ಲ, ಸಾವು ಎಲ್ಲರಿಗೂ ಬರುವಂಥದ್ದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳೆಂಟು ವರ್ಷದೊಳಗೆ ಮಕ್ಕಳಲ್ಲಿ ಮೂಡುತ್ತದೆ. ನಿಮ್ಮ ಮಗ ಆ ವಯಸ್ಸಿಗೆ ಬಂದಿದ್ದಾನೆ. ತಾನು ಹತ್ತಿರ ಬಂದೊಡನೆ ದೊಡ್ಡವರು ಮಾತು ನಿಲ್ಲಿಸುವುದನ್ನು ಅವನು ಗಮನಿಸಿದ್ದಾನೆ. ಫೋಟೋ ಇದ್ದ ಜಾಗದಲ್ಲಿ ಮೊಳೆ ಮಾತ್ರ ಉಳಿದಿರುವುದನ್ನೂ ನೋಡಿರುತ್ತಾನೆ. ಅರ್ಧ ಗೊತ್ತಿದ್ದು ಇನ್ನರ್ಧವನ್ನು ಕೇಳಲಾರದ ಸ್ಥಿತಿಯಲ್ಲಿರುವ ಮಗು ಅಳುವುದಕ್ಕೂ ಆಗದೆ, ಕಾಯುವುದನ್ನು ಬಿಡುವುದಕ್ಕೂ ಆಗದೆ ಒದ್ದಾಡುತ್ತದೆ. ಆ ಚಪ್ಪಲಿಗಳನ್ನು ಅವನು ಜೋಡಿಸುವುದು ಈ ಒದ್ದಾಟದಿಂದ ಎಂದು ನನಗೆ ತೋರುತ್ತದೆ.

ಹೇಳುವುದಾದರೆ ಹಗಲು ಹೊತ್ತಿನಲ್ಲಿ, ತಂದೆ ತಾಯಿ ಇಬ್ಬರೂ ಅವನ ಪಕ್ಕದಲ್ಲಿ ಕೂತು, ಮನೆಮಾತಿನಲ್ಲಿ ಹೇಳಿ. ತಾತನಿಗೆ ಕೊರೊನಾ ಬಂದಿತ್ತು, ಉಸಿರಾಡಲು ಆಗಲಿಲ್ಲ, ಡಾಕ್ಟರು ಎಷ್ಟು ಪ್ರಯತ್ನಪಟ್ಟರೂ ತಾತ ಸತ್ತರು, ಇನ್ನು ಬರುವುದಿಲ್ಲ. ನಿನಗೆ ನೋವಾಗುತ್ತದೆಂದು ಆದೋನಿಯ ಮಾತು ಹೇಳಿದೆವು, ಅದು ನಿಜವಲ್ಲ. ಇಷ್ಟು ಸಾಕು. "ಮಲಗಿದ್ದಾರೆ" ಎಂದರೆ ಮಗು ನಿದ್ದೆಗೆ ಹೆದರಬಹುದು; "ದೇವರು ಕರೆದುಕೊಂಡ" ಎಂದಷ್ಟೇ ಹೇಳಿದರೆ ನಾಳೆ ಅಪ್ಪನನ್ನೂ ಕರೆದುಕೊಳ್ಳಬಹುದೆಂದು ಹೆದರಬಹುದು. ನಂಬಿಕೆಯ ಮಾತುಗಳನ್ನು ನಿಜ ಹೇಳಿದ ಮೇಲೆ ಆಡಬಹುದು, ಆದರೆ ನಿಜದ ಬದಲಿಗೆ ಆಡಬಾರದು. ಕೇಳಿದ ಮೇಲೆ ಅವನು ಬಿಕ್ಕಿ ಬಿಕ್ಕಿ ಅಳಬಹುದು, ಇಲ್ಲವೇ ಏನೂ ಆಗದವನಂತೆ ಗೋಲಿ ಆಡಲು ಹೊರಟುಬಿಡಬಹುದು. ಹಾಗೆ ಹೊರಟರೆ ಕಲ್ಲು ಮನಸ್ಸಿನವನೆಂದು ಯಾರೂ ಬೈಯಬೇಡಿ. ಮಕ್ಕಳ ದುಃಖ ಒಂದೇ ಸಮನೆ ಇರುವುದಿಲ್ಲ, ಬಂದು ಹೋಗಿ ಮತ್ತೆ ಬರುತ್ತದೆ. ದೇಹ ಎಲ್ಲಿಟ್ಟರು, ತಾತನಿಗೆ ನೋವಾಯಿತಾ ಎಂದು ಹತ್ತು ದಿನಗಳ ನಂತರ ಊಟದ ಮಧ್ಯೆ ಕೇಳಿದರೂ ಗೊತ್ತಿದ್ದಷ್ಟನ್ನು ಚಿಕ್ಕದಾಗಿ, ಸುಳ್ಳಿಲ್ಲದೆ ಹೇಳಿ.

ಇನ್ನೊಂದು ವಿಷಯವನ್ನು ನೀವಾಗಿಯೇ ಎತ್ತಬೇಕು. ಮಕ್ಕಳನ್ನು ವಯಸ್ಸಾದವರ ಹತ್ತಿರ ಬಿಡಬೇಡಿ ಎಂಬ ಎಚ್ಚರಿಕೆಯನ್ನು ಕೋವಿಡ್ ಶುರುವಾದಾಗಿನಿಂದ ಟಿ.ವಿ.ಯಲ್ಲೂ ಓಣಿಯಲ್ಲೂ ಕೇಳುತ್ತ ಬಂದಿದ್ದೇವೆ. ಅದು ಅಗತ್ಯವಾದ ಎಚ್ಚರಿಕೆಯೇ. ಆದರೆ ತಾತನ ಹೊದಿಕೆಯೊಳಗೇ ಮಲಗುತ್ತಿದ್ದ ಮಗುವಿನ ಕಿವಿಗೆ ಅದು ಹೇಗೆ ಕೇಳಿಸಿರಬಹುದೆಂದು ಯೋಚಿಸಿ. "ನನ್ನಿಂದಲೇ ತಾತನಿಗೆ ಬಂತಾ?" ಎಂಬ ಪ್ರಶ್ನೆ ಅವನೊಳಗಿದ್ದರೆ ಅಷ್ಟೊಂದು ಕೈ ತೊಳೆಯುವುದಕ್ಕೆ ಅದೇ ಕಾರಣವಿರಬಹುದು. ಅವನು ಕೇಳದಿದ್ದರೂ ನೀವೇ ಹೇಳಿ: ನಿನ್ನಿಂದ ಬರಲಿಲ್ಲ, ಯಾರ ತಪ್ಪೂ ಇಲ್ಲ. ಮಕ್ಕಳ ಕಣ್ಣಿಗೆ ಏನೇನು ಬಿದ್ದಿದೆ ಎಂಬುದನ್ನೂ ನಾವು ಮರೆಯುವಂತಿಲ್ಲ. 2020ರ ಜೂನ್ ಕೊನೆಯಲ್ಲಿ ನಮ್ಮದೇ ಜಿಲ್ಲೆಯಲ್ಲಿ ಕೋವಿಡ್ ಮೃತರ ದೇಹಗಳನ್ನು ಗುಂಡಿಗೆ ಎಸೆದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಜಿಲ್ಲಾಡಳಿತ ವಿಷಾದ ವ್ಯಕ್ತಪಡಿಸಿತು. ಅದನ್ನು ನೋಡಿದ ಮಕ್ಕಳ ಜೊತೆ ಕೂತು ಮಾತಾಡಿದವರು ಮಾತ್ರ ತೀರ ಕಡಿಮೆ. ನಿಮ್ಮ ಮಗ ಅದನ್ನು ನೋಡಿದ್ದರೆ ತಾತನ ದೇಹದ ಬಗ್ಗೆ ಅವನ ಕಲ್ಪನೆ ಏನಿರಬಹುದೆಂದು ಮೆಲ್ಲಗೆ ಕೇಳಿ ತಿಳಿದುಕೊಳ್ಳಿ.

ಕೊನೆಯ ಬಾರಿ ಮುಖ ನೋಡುವುದು, ಮಣ್ಣು ಹಾಕುವುದು, ದಿನ ಮಾಡುವುದು ಯಾವುದೂ ಈ ಮಗುವಿನ ಪಾಲಿಗೆ ಬರಲಿಲ್ಲ. ಮುಂದೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಹಿರಿಯರಿಗೆ ಎಡೆ ಇಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಟ್ರಂಕಿನಿಂದ ಫೋಟೋ ಹೊರಗೆ ಬರಲಿ, ತಾತನಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಅವನೇ ಇಡಲಿ. ಚಪ್ಪಲಿಗಳನ್ನು ಅವನಿಗೆ ಕಾಣದಂತೆ ಎತ್ತಿಡಬೇಡಿ. ಏನು ಮಾಡೋಣ ಎಂದು ಅವನನ್ನೇ ಕೇಳಿ.

ಇನ್ನು ಇದು ಕಾಯಿಲೆಯೋ ಅಲ್ಲವೋ ಎಂಬ ಪ್ರಶ್ನೆ. ಹಾಸಿಗೆ ಒದ್ದೆಯಾಗುವುದಕ್ಕೆ ಭಯವೊಂದೇ ಕಾರಣವೆಂದು ತೀರ್ಮಾನಿಸುವ ಮೊದಲು ಮಕ್ಕಳ ವೈದ್ಯರ ಬಳಿ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆಗಳಲ್ಲೂ ಹೀಗಾಗುತ್ತದೆ. ಅವೆರಡೂ ಇಲ್ಲವೆಂದಾದರೆ, ಅಭ್ಯಾಸ ಬಿಟ್ಟಿದ್ದ ಮಗು ದೊಡ್ಡ ಆಘಾತದ ನಂತರ ಮತ್ತೆ ಹಾಗೆ ಮಾಡುವುದು ಸಾಮಾನ್ಯ. ಬೈಯದೆ, ಓರಗೆಯವರ ಮುಂದೆ ಹೇಳದೆ ಬಟ್ಟೆ ಬದಲಿಸಿದರೆ ಬೇಗ ಕಡಿಮೆಯಾಗುತ್ತದೆ.

ಕೈ ತೊಳೆಯುವ ವಿಷಯ ಬೇರೆ. ಅದರ ಮೇಲೆ ಕಣ್ಣಿಡಬೇಕು. ತೊಳೆಯಲು ಕಲಿಸಿದವರು ನಾವೇ, ಆದ್ದರಿಂದ ತೊಳೆಯುವುದೇ ತಪ್ಪಲ್ಲ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಅದರಲ್ಲೇ ಹೋಗುತ್ತಿದ್ದರೆ, ತಡೆದಾಗ ಅವನು ತಡೆಯಲಾರದಷ್ಟು ಸಂಕಟಪಟ್ಟರೆ, ಅದು ಗೀಳಿನ ಕಾಯಿಲೆಯ ಕಡೆಗೆ ಹೊರಳುತ್ತಿರಬಹುದು, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಹೆದರಿಸುವ ವಸ್ತುವನ್ನು ಮುಟ್ಟಿದ ಮೇಲೂ ತೊಳೆಯದೆ ಸ್ವಲ್ಪ ಸ್ವಲ್ಪ ಹೊತ್ತು ಇರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುತ್ತಾರೆ. ತಾನಾಗಿಯೇ ಭಯ ಇಳಿಯುವುದನ್ನು ಮಗು ಕಂಡುಕೊಳ್ಳುತ್ತದೆ. ಇದನ್ನು ತಿಳಿದವರ ಮಾರ್ಗದರ್ಶನದಲ್ಲೇ ಮಾಡಬೇಕು. ಮನೆಯಲ್ಲಿ ನಲ್ಲಿ ಬಂದ್ ಮಾಡುವುದು ಚಿಕಿತ್ಸೆಯಲ್ಲ. ಅಪ್ಪನ ಹಣೆ ಮುಟ್ಟುವುದಕ್ಕೂ ಇದೇ ತರ್ಕ. "ಜ್ವರ ಇಲ್ಲ ಕಣೋ" ಎಂದು ಹತ್ತು ಸಲ ಸಮಾಧಾನ ಮಾಡಿದರೆ ಹತ್ತು ಸಲವೂ ಕ್ಷಣಹೊತ್ತು ನೆಮ್ಮದಿ ಸಿಗುತ್ತದೆ, ಹನ್ನೊಂದನೆಯ ಸಲ ಸಂಶಯ ಮತ್ತೆ ಬರುತ್ತದೆ. ಒಮ್ಮೆ ಉತ್ತರ ಕೊಟ್ಟು, ಅವನ ಕೈ ಹಿಡಿದು ದನಕ್ಕೆ ನೀರು ಕುಡಿಸಲೋ ಅಂಗಡಿಗೋ ಕರೆದುಕೊಂಡು ಹೋಗುವುದು ಅಪ್ಪನಿಂದ ಆಗಬಹುದಾದ ದೊಡ್ಡ ಸಹಾಯ.

ಶಾಲೆ ಇದ್ದಿದ್ದರೆ ಈ ಹೊತ್ತಿಗೆ ಮೇಷ್ಟರೊಬ್ಬರಾದರೂ ಇವನನ್ನು ಗುರುತಿಸುತ್ತಿದ್ದರು. ಆರರಿಂದ ಎಂಟನೇ ತರಗತಿಗಳು 2021ರ ಸೆಪ್ಟೆಂಬರ್ 6ರಂದು ಆರಂಭವಾದರೂ ಚಿಕ್ಕ ಮಕ್ಕಳಿಗೆ ಆಗ ಬಾಗಿಲು ತೆರೆಯಲಿಲ್ಲ. 2020ರ ಮಾರ್ಚಿನಲ್ಲಿ ಒಂದನೇ ತರಗತಿಯಲ್ಲಿದ್ದ ಮಗು ಎರಡನೆಯದನ್ನು ನೋಡದೆಯೇ ಮೂರಕ್ಕೆ ಬಂತು. ಶಾಲೆ ಮುಚ್ಚಿದ್ದರಿಂದ ಪಾಠವಷ್ಟೇ ಹೋಗಲಿಲ್ಲ. ಬಿಸಿಯೂಟ, ಓರಗೆಯವರು, ಮನೆಯವರಲ್ಲದ ಒಬ್ಬ ದೊಡ್ಡವರ ಕಣ್ಣು, ಇವೂ ಹೋದವು. ನಮ್ಮ ಭಾಗದಲ್ಲಿ ಗುಳೆ ಹೋದವರ ಮಕ್ಕಳಿಗೆ, ಜೀನ್ಸ್ ಹೊಲಿಗೆಯ ಮನೆಗಳಲ್ಲಿ ದಾರ ಕತ್ತರಿಸುತ್ತ ಕೂತ ಮಕ್ಕಳಿಗೆ ಆ ಕಣ್ಣು ಇದ್ದದ್ದು ಶಾಲೆಯಲ್ಲಿ ಮಾತ್ರ.

ಈಗ ಫೋನಿನ ಚಿಕಿತ್ಸೆ. ನಿಮ್ಮ ಮಗ ಮಂಚದ ಕೆಳಗೆ ಹೋದದ್ದರಲ್ಲಿ ಅವನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಗೊತ್ತಿಲ್ಲದ ಮುಖವೊಂದು ಪರದೆಯ ಮೇಲೆ ಬಂದು "ನಿನಗೆ ಏನನ್ನಿಸುತ್ತದೆ ಹೇಳು" ಎಂದರೆ ಎಂಟು ವರ್ಷದ ಯಾವ ಮಗುವೂ ಹೇಳುವುದಿಲ್ಲ. ಎದುರಿಗೆ ಕೂತಾಗಲೂ ಮಕ್ಕಳ ಚಿಕಿತ್ಸಕರು ಪ್ರಶ್ನೆ ಕೇಳುತ್ತ ಹೋಗುವುದಿಲ್ಲ. ಜೇಡಿಮಣ್ಣು, ಗೊಂಬೆ, ಬಣ್ಣ ಮುಂದಿಟ್ಟು ಜೊತೆಗೆ ಆಡುತ್ತಾರೆ, ಮಗುವಿನ ಮಾತು ಆ ಆಟದ ಮೂಲಕ ಬರುತ್ತದೆ. ಫೋನಿನಲ್ಲಿ ಆ ಆಟ ಆಡಬೇಕಾದವರು ಮಗುವಿನ ಪಕ್ಕದಲ್ಲಿರುವವರು. ಈ ವಯಸ್ಸಿನ ಮಕ್ಕಳ ಮಟ್ಟಿಗೆ ದೂರದ ಚಿಕಿತ್ಸಕರ ಮುಖ್ಯ ಕೆಲಸ ಮಗುವಿನ ಜೊತೆಗಿಂತ ತಂದೆ ತಾಯಿಯ ಜೊತೆಗೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರವೂ ವೈದ್ಯರು ಅಪ್ರಾಪ್ತ ವಯಸ್ಸಿನವರನ್ನು ದೂರದಿಂದ ನೋಡಬೇಕಾದರೆ ಜೊತೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಮಾತು ತಡವಾದ, ಆಟಿಸಂ ಇರುವ ಮಕ್ಕಳ ಚಿಕಿತ್ಸಾ ಕೇಂದ್ರಗಳು ಮುಚ್ಚಿದ್ದಾಗ ತಾಯಂದಿರಿಗೆ ಫೋನಿನಲ್ಲಿ ಹೇಳಿಕೊಟ್ಟು, ಮನೆಯ ಪಾತ್ರೆ, ಕಾಳು, ಬಟ್ಟೆಗಳಿಂದಲೇ ಅಭ್ಯಾಸ ಮುಂದುವರಿಸಿದ್ದು ಇದೇ ದಾರಿಯಲ್ಲಿ.

ಆದ್ದರಿಂದ ಮುಂದಿನ ಸಲ ಮೊದಲ ಕರೆಯಲ್ಲಿ ಮಗುವನ್ನು ಕರೆಯಲೇಬೇಡಿ. ನೀವಿಬ್ಬರೇ ಮಾಳಿಗೆಯ ಮೇಲೋ ಹೊಲದಲ್ಲೋ ನಿಂತು ಮಾತಾಡಿ. ವಿಡಿಯೋ ಬೇಕಿಲ್ಲ, ಧ್ವನಿ ಕರೆ ಸಾಕು, ನೆಟ್‌ವರ್ಕಿನ ತೊಂದರೆಯೂ ಅರ್ಧ ಕಡಿಮೆಯಾಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಅವನ ಜೊತೆ ಹೇಗೆ ಆಡಬೇಕು, ಅವನು ಬರೆದ ಚಿತ್ರ ನೋಡಿ ಏನು ಕೇಳಬೇಕು, ಏನು ಕೇಳಬಾರದು ಎಂದು ಚಿಕಿತ್ಸಕರಿಂದ ತಿಳಿದುಕೊಳ್ಳಿ. ಹುಡುಗನಿಗೆ ಮನಸ್ಸಾದ ದಿನ ತಾನು ಮಾಡಿದ ಮಣ್ಣಿನ ಎತ್ತನ್ನು ಪರದೆಗೆ ಹಿಡಿದು ತೋರಿಸಿದರೆ ಅದೇ ಒಳ್ಳೆಯ ಆರಂಭ. ಹೀಗೆ ಪೋಷಕರಿಗೆ ಕಲಿಸಲು ಸಮಯವಿಲ್ಲ ಎನ್ನುವ ಚಿಕಿತ್ಸಕರಿಗೆ ಹಣ ಕೊಡಬೇಡಿ.

"ಬೆಂಗಳೂರಿನವರಿಗೆ ಸರಿ" ಎಂಬ ನಿಮ್ಮ ಮಾತಿನಲ್ಲಿರುವ ಸಿಟ್ಟು ನ್ಯಾಯವಾದದ್ದು. ಬಳ್ಳಾರಿಯವರಿಗೆ ಆ ಸಿಟ್ಟು ಬರಲು ಇನ್ನೂ ಹೆಚ್ಚಿನ ಕಾರಣವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ಮಾಡಿತು. ಮನೋರೋಗಿಗಳನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಗತ್ಯವಾದ ಕೆಲವೇ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಿ, ಊರಿನ ಹತ್ತಿರವೇ ಚಿಕಿತ್ಸೆ ನಡೆಸಬಹುದೆಂದು ತೋರಿಸಿತು. ದೇಶದಾದ್ಯಂತ ಅದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ತೀವ್ರ ಮನೋರೋಗ, ಮೂರ್ಛೆರೋಗಗಳಿಗೆ ಅಲ್ಲಿ ಮೊದಲ ಆದ್ಯತೆ ಸಿಕ್ಕಿತು, ಅದು ಸಹಜವೂ ಹೌದು. ಮಕ್ಕಳ ಭಯ, ದುಃಖಗಳು ಹಿಂದೆ ಉಳಿದವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು, ಅದೂ ಈ ಸಾಂಕ್ರಾಮಿಕಕ್ಕೆ ಮುಂಚೆ. ಆಶಾ ಕಾರ್ಯಕರ್ತೆಗೆ ಆಮ್ಲಜನಕದ ಮಟ್ಟ ನೋಡುವುದನ್ನು ಕೆಲವೇ ದಿನಗಳಲ್ಲಿ ಕಲಿಸಿದ ವ್ಯವಸ್ಥೆಗೆ, ಸಾವು ಕಂಡ ಮನೆಯ ಮಗುವಿನ ನಿದ್ದೆ, ಊಟ, ಆಟ ಹೇಗಿದೆ ಎಂದು ಕೇಳುವುದನ್ನು ಕಲಿಸಲು ಆಗದೆ? ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಕೊಡಲು ರಾಜ್ಯ ಸರ್ಕಾರ 2021ರಲ್ಲಿ ಮುಂದಾದದ್ದು ಒಳ್ಳೆಯದೇ. ಆ ಪಟ್ಟಿ ಹಿಡಿದು ಮನೆಗೆ ಹೋಗುವವರೇ ಈ ಮೂರು ಪ್ರಶ್ನೆಗಳನ್ನೂ ಕೇಳಿ ಬರಬೇಕೆಂದು ನಾವು ಒತ್ತಾಯಿಸುತ್ತೇವೆ.

ಆ ವ್ಯವಸ್ಥೆ ಬರುವವರೆಗೆ ನೀವು ಕಾಯಬೇಕಿಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಣವಿಲ್ಲ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಆರೋಗ್ಯ ಸಹಾಯವಾಣಿ 104, ಮಕ್ಕಳ ಸಹಾಯವಾಣಿ 1098. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ವಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡು ಇದೆ. ದಿನ ಬದಲಾಗಿರಬಹುದು, ಆದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ. ನಿಜ ಹೇಳಿ ಮೂರು ನಾಲ್ಕು ವಾರ ಕಳೆದರೂ ನಿದ್ದೆ, ಊಟ, ಆಟ ಸುಧಾರಿಸದಿದ್ದರೆ ಹೋಗಲೇಬೇಕು. "ನಾನೂ ತಾತನ ಹತ್ತಿರ ಹೋಗ್ತೀನಿ" ಎಂಬಂಥ ಮಾತು ಅವನ ಬಾಯಿಂದ ಬಂದರೆ ಮಂಗಳವಾರಕ್ಕೂ ಕಾಯದೆ, ಅವನನ್ನು ಒಬ್ಬನನ್ನೇ ಬಿಡದೆ, ಅಂದೇ ವಿಮ್ಸ್‌ಗೆ ಕರೆದುಕೊಂಡು ಹೋಗಿ.