ಓದುಗರ ಪ್ರಶ್ನೆ: ನೌಕಾ ದಿನಕ್ಕೆ ಯಾವ ಪುಸ್ತಕ?

ಪ್ರಶ್ನೆ: ಶಾಲೆಯಲ್ಲಿ ಡಿಸೆಂಬರ್ 4ರ ನೌಕಾ ದಿನದಿಂದ 19ರ ಗೋವಾ ವಿಮೋಚನಾ ದಿನದವರೆಗೆ ಪುಸ್ತಕ ಪ್ರದರ್ಶನ ಇಡುತ್ತಿದ್ದೇವೆ. 1971ರ ಯುದ್ಧದ ಚಾಪಲ್ ನೌಕೆ, 1961ರಲ್ಲಿ ಪೋರ್ಚುಗೀಸರ ಕೈಲಿದ್ದ ಅಂಜುದೀವ್ ದ್ವೀಪದಲ್ಲಿ ನಡೆದ ಕಾರ್ಯಾಚರಣೆ, ಇವೆರಡರ ಬಗ್ಗೆ ಏನು ಓದಬಹುದು? (ಶಿಕ್ಷಕಿ, ಕಾರವಾರ)

ಉತ್ತರ: ಫಲಕ ಬರೆಯುವ ಮೊದಲೇ ಒಂದು ತಿದ್ದುಪಡಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಕ್ಷಿಪಣಿ ದೋಣಿ ಚಾಪಲ್, ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಾಪಲ್ ಅವುಗಳ ನಂತರದ ಪೀಳಿಗೆಯದು. ಮಕ್ಕಳಿಗೆ ದೋಣಿಯ ರಚನೆ ತೋರಿಸಲು ಅದು ಚೆನ್ನಾಗಿದೆ, ಕರಾಚಿಯ ಯಶಸ್ಸನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ.

1971ಕ್ಕೆ ವೈಸ್ ಅಡ್ಮಿರಲ್ ಹಿರಾನಂದಾನಿ ಅವರ 'ಟ್ರಾನ್ಸಿಷನ್ ಟು ಟ್ರಯಂಫ್' ಹಿಡಿಯಿರಿ. ಅದರ ವ್ಯಾಪ್ತಿ 1965ರಿಂದ 1975, ಅಂಜುದೀವ್ ಅದರಲ್ಲಿ ಹುಡುಕಿದರೆ ಸಮಯ ಹಾಳು. ಅದಕ್ಕೆ ಬೇಕಾದದ್ದು ಹಿಂದಿನ ಸಂಪುಟ, ರಿಯರ್ ಅಡ್ಮಿರಲ್ ಸತ್ಯೀಂದ್ರ ಸಿಂಗ್ ಅವರ 'ಬ್ಲೂಪ್ರಿಂಟ್ ಟು ಬ್ಲೂವಾಟರ್' (1951–65). ತ್ರಿಶೂಲ್ ನೌಕೆಯಿಂದ ಇಳಿದ ತುಕಡಿ, ಬೆಂಬಲಕ್ಕೆ ನಿಂತ ಮೈಸೂರು ನೌಕೆ, ಪ್ರಾಣ ಕೊಟ್ಟ 7 ನೌಕಾ ಸಿಬ್ಬಂದಿ: ನಮ್ಮ ಕಣ್ಣೆದುರಿನ ದ್ವೀಪದ ಕಥೆ ಇದು. ಭೂಸೇನೆಯ ಭಾಗಕ್ಕೆ ಪಿ.ಎನ್. ಖೇರಾ ಅವರ 'ಆಪರೇಷನ್ ವಿಜಯ್' (1974) ಇದೆ. ಎಚ್ಚರ, ಕಾರ್ಗಿಲ್‌ಗೂ ಇದೇ ಹೆಸರಿತ್ತು. ಬರೀ ಹೆಸರಿನಿಂದ ಹುಡುಕಿದರೆ 1999ರ ಪುಸ್ತಕಗಳೇ ಸಾಲಾಗಿ ಬರುತ್ತವೆ. ಲೇಖಕರ ಹೆಸರು, 'ಗೋವಾ' ಎರಡನ್ನೂ ಸೇರಿಸಿ.

ಪುಸ್ತಕಗಳನ್ನು ವಿಷಯದ ಅಂಕಿಯಂತೆ ಜೋಡಿಸುವ ಡ್ಯೂಯಿ ಪದ್ಧತಿಯ ಗ್ರಂಥಾಲಯವಾದರೆ ನೌಕಾ ಪುಸ್ತಕಗಳು 359ರಲ್ಲಿ, ಭಾರತದ ಇತಿಹಾಸ 954ರಲ್ಲಿ. ಎರಡೂ ಕಪಾಟು ನೋಡದೆ 'ಇಲ್ಲ' ಅನ್ನಬೇಡಿ.

ಪ್ರಶ್ನೆ: ಶಿವಾಜಿ ಕಾರವಾರಕ್ಕೆ ಬಂದದ್ದು ಒಂದು ಕಡೆ 1664, ಇನ್ನೊಂದು ಕಡೆ 1665 ಎಂದಿದೆ. ಯಾವುದು ಸರಿ? (ಓದುಗರು, ಶಿರಸಿ)

ಉತ್ತರ: 1665ರ ಫೆಬ್ರವರಿ. ಆಗ ಕಾರವಾರದಲ್ಲಿ ಇಂಗ್ಲಿಷರ ಕೋಠಿ (ವ್ಯಾಪಾರ ಕೇಂದ್ರ) ಇತ್ತು. ಅವರ ಹಳೆಯ ಲೆಕ್ಕದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿಯ ಕಾಗದಕ್ಕೆ 1664 ಎಂದೇ ಬೀಳುತ್ತದೆ. ದಿನಾಂಕದಲ್ಲೂ 10 ದಿನಗಳ ಅಂತರ: ಪೋರ್ಚುಗೀಸರು 1582ರಲ್ಲೇ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದರೆ, ಇಂಗ್ಲಿಷರು 1752ರವರೆಗೆ ಹಳೆಯದನ್ನೇ ಹಿಡಿದು ಕೂತರು. ಒಂದೇ ಘಟನೆಗೆ ಎರಡು ದಿನಾಂಕ ಸಿಕ್ಕರೆ ಯಾರ ಕಾಗದ ಎಂದು ಮೊದಲು ನೋಡಿ. ಶಕ ವರ್ಷದಲ್ಲೂ ಇಂಥದೇ ತೊಡಕು. ಕ್ರಿಸ್ತಶಕಕ್ಕೆ ತರಲು 78 ಕೂಡಿಸುವುದು ಯುಗಾದಿಯಿಂದ ಡಿಸೆಂಬರ್‌ವರೆಗೆ ಮಾತ್ರ ಸರಿ, ಜನವರಿಯಿಂದ ಮುಂದಿನ ಯುಗಾದಿವರೆಗೆ 79. ಶಕ 1586ರ ಮಾಘ ಬೀಳುವುದು 1665ರಲ್ಲಿ. ತಿಥಿಯನ್ನು ದಿನಾಂಕವಾಗಿಸಲು ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳು ಇಂದಿಗೂ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ಉತ್ತರ ಕನ್ನಡ ಜಿಲ್ಲೆಯ ಹಳೆಯ ಗ್ಯಾಸೆಟಿಯರ್ (ಸರ್ಕಾರಿ ವಿವರ ಗ್ರಂಥ) ಹುಡುಕಿದರೂ ಸಿಗುತ್ತಿಲ್ಲ. (ವಿದ್ಯಾರ್ಥಿ, ಕುಮಟಾ)

ಉತ್ತರ: 'ಉತ್ತರ ಕನ್ನಡ' ಎಂದು ಹುಡುಕಿದರೆ ಸಿಗದು. ಅದು ಮುಂಬಯಿ ಪ್ರೆಸಿಡೆನ್ಸಿ ಸರಣಿಯ 15ನೇ ಸಂಪುಟ, 'ಕಾನರಾ', 1883. ಎರಡು ಭಾಗಗಳಿವೆ, ಇತಿಹಾಸ ಮತ್ತು ಊರುಗಳ ವಿವರ ಎರಡನೆಯದರಲ್ಲಿ. ಇನ್ನೂ ಹಳೆಯ ಕಾಗದಗಳಿಗೆ ಹೋದರೆ ಇಂಗ್ಲಿಷಿನಲ್ಲಿ ಕಾರವಾರವನ್ನು 'ಕೆ' ಬದಲು 'ಸಿ' ಅಕ್ಷರದಿಂದ, ಅಂಜುದೀವನ್ನು 'ಅಂಜೆದಿವಾ' ಎಂದೂ ಹುಡುಕಿ.